ಶಿರಾಡಿ ಹತ್ತುವಾಗ ಪಿಕಪ್ ಹೀಟ್ ಆಗ್ತಿದೆ, ರೇಡಿಯೇಟರ್ ಮನೇಲೇ ತೊಳೀಬಹುದಾ?

ಪ್ರಶ್ನೆ: ಹಾಸನದಿಂದ ಮಂಗಳೂರಿಗೆ ಆಲೂಗಡ್ಡೆ ಹೊಡೀತೀನಿ, ಡೀಸೆಲ್ ಪಿಕಪ್. ವಾಪಸ್ ಬರುವಾಗ ಗುಂಡ್ಯ ದಾಟಿದ್ರೆ ಸಾಕು, ಹೀಟ್ ಮೀಟರ್ ಮುಳ್ಳು ಕೆಂಪಿಗೆ ಹೋಗುತ್ತೆ. ಎರಡು ವರ್ಷದಿಂದ ಬೋರ್‌ವೆಲ್ ನೀರೇ ಹಾಕಿದ್ದು, ತಪ್ಪು ನಂದೇ. ಕ್ಯಾಪ್ ತೆಗೆದ್ರೆ ಚಹಾ ಬಣ್ಣದ ನೀರು, ಅಂಚಿಗೆಲ್ಲ ಸುಣ್ಣ ಬಳಿದ ಹಾಗೆ ಬಿಳಿ ಪದರ.

ಉತ್ತರ 1: ತೊಳೀಬಹುದು ಅಣ್ಣ. ಇಂಜಿನ್ ಪೂರ್ತಿ ತಣ್ಣಗಾದ ಮೇಲೇ ಕ್ಯಾಪ್ ಮುಟ್ಟಿ; ನನ್ನ ಮೊಣಕೈ ಮೇಲೆ ಇನ್ನೂ ಕಲೆ ಇದೆ. ಕೆಳಗಿನ ಹೋಸ್ ಬಿಚ್ಚಿ ಹಳೇ ನೀರು ಇಳಿಸಿ. ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗೋವರೆಗೂ ರೇಡಿಯೇಟರ್‌ಗೆ ನೀರು ಬಿಡದ ವಾಲ್ವ್) ಕಳಚಿಡಿ, ಇಲ್ಲಾಂದ್ರೆ ಇಂಜಿನ್ ಬ್ಲಾಕ್ ಒಳಗಿನ ಕೆಸರು ಸರಿಯಾಗಿ ಬರಲ್ಲ. ತೊಳೆದ ಮೇಲೆ, ಮೆಕ್ಯಾನಿಕ್ ಬೇಡ ಅಂದ್ರೂ, ಅದನ್ನ ವಾಪಸ್ ಹಾಕಿ. ಹೀಟರ್ ಇದ್ರೆ ಬಿಸಿ ಕಡೆ ತಿರುಗಿಸಿಟ್ಟು ತೊಳೀರಿ. ಕೊನೆಗೆ ಕೂಲಂಟ್, ಡಿಸ್ಟಿಲ್ಡ್ ವಾಟರ್ ಅರ್ಧ-ಅರ್ಧ.

ಉತ್ತರ 2: ಕೂಲಂಟ್ ಅಂಗಳದಲ್ಲಿ ಚೆಲ್ಲಿದ್ರೆ ಕೂಡಲೇ ಒರೆಸಿ. ಸಿಹಿ ಇರುತ್ತೆ ಅಂತ ನಾಯಿ ನೆಕ್ಕುತ್ತೆ, ಅದು ವಿಷ.

ಪ್ರಶ್ನೆ ಕೇಳಿದವನು: ತೊಳೆದೆ. ಹನ್ನೊಂದನೇ ಬಕೆಟ್‌ಗೆ ನೀರು ತಿಳಿಯಾಯ್ತು! ಆಮೇಲೂ ಮುಳ್ಳು ಏರಿತ್ತು, ಒಳಗೆ ಗಾಳಿ ಸಿಕ್ಕಿಕೊಂಡಿತ್ತಂತೆ. ಮಾರನೇ ಬೆಳಿಗ್ಗೆ ತಣ್ಣಗಿದ್ದಾಗಲೇ ಕ್ಯಾಪ್ ತೆಗೆದು ಇಂಜಿನ್ ಓಡಿಸಿದೆ, ಗುಳ್ಳೆ ನಿಲ್ಲೋ ಹೊತ್ತಿಗೆ ಇನ್ನೊಂದು ಲೀಟರ್ ಹಿಡೀತು. ನಿನ್ನೆ ಘಾಟಿ ಪೂರ್ತಿ ಮುಳ್ಳು ನಡುವೆಯೇ ಇತ್ತು.