ಸಹಾಯ ಬೇಕು: ಸೀಸರ್ ರಾಡ್ನಿ ಲೇಖನಕ್ಕೆ ಒಂದು ಪದ, ಕೆಲವು ಫೋಟೊ

ಎಲ್ಲರಿಗೂ ನಮಸ್ಕಾರ. ಅಣ್ಣ ಕೊಟ್ಟ ಅಮೆರಿಕದ ನಾಣ್ಯಗಳಲ್ಲಿ 1999ರ ಡೆಲವೇರ್ ಕ್ವಾರ್ಟರ್ (ಡೆಲವೇರ್ ರಾಜ್ಯದ ಹೆಸರಿನ 25 ಸೆಂಟ್ ನಾಣ್ಯ) ಒಂದಿತ್ತು. ಅದರ ಮೇಲೆ ಓಡುವ ಕುದುರೆ, ಸವಾರ. ಆ ಸವಾರನೇ ಸೀಸರ್ ರಾಡ್ನಿ (1728–1784). ಆತನ ಬಗ್ಗೆ ಕನ್ನಡದಲ್ಲಿ ಲೇಖನ ಬರೆಯುತ್ತಿದ್ದೇನೆ.

ಡೆಲವೇರ್ ಶಾಸನಸಭೆಯ ಸ್ಪೀಕರ್, ಮಿಲಿಷಿಯಾದ (ಸಾಮಾನ್ಯ ಜನರೇ ಸೇರಿ ಕಟ್ಟಿದ ಪಡೆ) ಬ್ರಿಗೇಡಿಯರ್ ಜನರಲ್. 1776ರ ಜುಲೈನಲ್ಲಿ ಬ್ರಿಟನ್ನಿನಿಂದ ಸ್ವಾತಂತ್ರ್ಯದ ಪ್ರಶ್ನೆ ಫಿಲಡೆಲ್ಫಿಯಾದ ಕಾಂಗ್ರೆಸ್ ಸಭೆಯಲ್ಲಿ ಮತಕ್ಕೆ ಬಂದಾಗ, ಅಲ್ಲಿದ್ದ ಡೆಲವೇರಿನ ಇಬ್ಬರು ಪ್ರತಿನಿಧಿಗಳಲ್ಲಿ ಮೆಕೀನ್ ಪರ, ರೀಡ್ ವಿರುದ್ಧ; ಮೂರನೆಯ ಪ್ರತಿನಿಧಿ ರಾಡ್ನಿಯ ಮತವೇ ನಿರ್ಣಾಯಕ. ರಾಡ್ನಿ ಗುಡುಗು ಮಳೆಯಲ್ಲೇ ಸುಮಾರು 80 ಮೈಲಿ ಪ್ರಯಾಣಿಸಿ ಫಿಲಡೆಲ್ಫಿಯಾ ತಲುಪಿ, ಜುಲೈ 2ರಂದು ಮತ ಹಾಕಿದ. ಆಗಲೇ ಮುಖದ ಕ್ಯಾನ್ಸರ್ ಅವನನ್ನು ತಿನ್ನುತ್ತಿತ್ತು. ತಮ್ಮನಿಗೆ ಬರೆದ ಪತ್ರದಲ್ಲಿ ಗುಡುಗು ಮಳೆಯಿಂದ ತಡವಾಯಿತು ಎಂದಿದ್ದಾನೆ, ಕುದುರೆಯ ಮಾತೇ ಇಲ್ಲ! ಹಾಗಾಗಿ 'ಪ್ರಯಾಣ' ಎಂದಷ್ಟೇ ಬರೆದಿದ್ದೇನೆ.

ಇನ್ನೊಂದು ಮುಖವನ್ನೂ ಬಿಡುವಂತಿಲ್ಲ. ಗುಲಾಮರನ್ನು ತರಿಸುವುದನ್ನು ನಿಲ್ಲಿಸಲು 1766ರಲ್ಲಿ ಯತ್ನಿಸಿದವನ ತೋಟದಲ್ಲೇ ಗುಲಾಮರು ದುಡಿಯುತ್ತಿದ್ದರು. ವಿಲ್ಮಿಂಗ್ಟನ್‌ನಲ್ಲಿದ್ದ ಅವನ ಪ್ರತಿಮೆಯನ್ನು 2020ರಲ್ಲಿ ತೆಗೆದರು.

ಈಗ ನಿಮ್ಮಿಂದ ಬೇಕಾದದ್ದು: 'ಮಿಲಿಷಿಯಾ'ಗೆ ಒಳ್ಳೆಯ ಕನ್ನಡ ಪದ. 'ಗೃಹರಕ್ಷಕ ದಳ' ಎಂದರೆ ನಮ್ಮ ಹೋಂಗಾರ್ಡ್ ನೆನಪಾಗುತ್ತದೆ, 'ಸೇನೆ' ಎಂದರೆ ಹೊಲ ಬಿಟ್ಟು ಬಂದೂಕು ಹಿಡಿದ ರೈತರು ಕಾಣುವುದಿಲ್ಲ. 'ನಾಡಪಡೆ' ಹೇಗಿದೆ?

ಡೆಲವೇರ್ ಕಡೆ ಇರುವ ಕನ್ನಡಿಗರು ಯಾರಾದರೂ ಅಲ್ಲಿನ ರಾಜಧಾನಿ ಡೋವರ್‌ನ 'ದಿ ಗ್ರೀನ್' ಬಯಲಿನ ಫೋಟೊ ತೆಗೆದು, ಮುಕ್ತ ಬಳಕೆಗೆ ಕೊಡುವಿರಾ? ಹೋಗುವ ಮುನ್ನ ಇಲ್ಲೇ ಒಂದು ಮಾತು ಹಾಕಿ, ಯಾವ ಕೋನ ಬೇಕೆಂದು ಹೇಳುತ್ತೇನೆ.