ಮೊಮ್ಮಗ ಗಾದಿ ಮ್ಯಾಲ ಕುಂತಾನ, ಆದ್ರೂ ಆಟ ಮುಗೀತಂತ! (ಕ್ರುಸೇಡರ್ ಕಿಂಗ್ಸ್ 3 ಅನ್ನೋ ಕಂಪ್ಯೂಟರ್ ಆಟ)

ಕಲ್ಯಾಣದಾಂವ (ಬಸವಕಲ್ಯಾಣ):
1066ರಿಂದ ಚಾಲುಕ್ಯ ಸೋಮೇಶ್ವರನ್ನ ಹಿಡಕೊಂಡು ಆಡ್ಲತ್ತಿದ್ದೆ, ನಮ್ಮೂರ ಅರಸ ಅಂತ. ನಾಲ್ಕನೇ ತಲಿಗೆ ಗಂಡು ಹುಟ್ಟಲಿಲ್ಲ, ಒಬ್ಬಾಕೇ ಮಗಳು. ದಂಡಿನ ಸಹಾಯ ಸಿಗ್ತದಂತ ಪಕ್ಕದ ರಾಜನ ಮಗನಿಗೆ ಕೊಟ್ಟೆ. ಅಪ್ಪ ಸತ್ತ ಮ್ಯಾಲ ಅಕೀನೇ ರಾಣಿ ಆದ್ಲು, ಇಬ್ಬರು ಗಂಡುಮಕ್ಕಳೂ ಆದ್ರು. ನಿನ್ನೆ ರಾತ್ರಿ ಅಕಿ ಸತ್ತಳು, ಸೀದಾ ಗೇಮ್ ಓವರ್. ಒಂದು ಊರೂ ಕಳಕೊಂಡಿಲ್ಲ, ಖಜಾನಿ ತುಂಬಿ ತುಳುಕ್ಲತ್ತದ. ಇದು ಬಗ್ ಏನ್ರಿ? ಐರನ್‌ಮ್ಯಾನ್ (ಹಳೆ ಸೇವ್‌ಗೆ ಹಿಂದ ಹೋಗಾಕ ಬಿಡದ ವಿಧಾನ) ಹಾಕಿಲ್ಲ.

ಕಾಗಿಣಾ ದಂಡಿ (ಸೇಡಂ):
ಬಗ್ ಅಲ್ಲ ತಮ್ಮಾ. ಈ ಆಟದಾಗ ನೀ ರಾಜ್ಯ ಅಲ್ಲ, ಮನೆತನ. ಸಾದಾ ಮದುವ್ಯಾಗ ಮಕ್ಕಳು ಅಪ್ಪನ ಮನೆತನಕ್ಕ ಹೋಗ್ತಾವ. ನಿನ್ನ ಮೊಮ್ಮಗ ಚಾಲುಕ್ಯ ಅಲ್ಲ, ಬೀಗರ ಮನೆಯಾಂವ. ನಿನ್ನ ಮನೆತನದ ವಾರಸುದಾರ ಇಲ್ಲಂದ್ರ ಆಟ ಮುಗೀತು. ಮದುವಿ ಕಿಟಕಿಯೊಳಗ ಮ್ಯಾಟ್ರಿಲೀನಿಯಲ್ (ಮಕ್ಕಳು ತಾಯಿ ಮನೆತನಕ್ಕ) ಅಂತ ಒಂದು ಆಯ್ಕೆ ಇರ್ತದ, ಅದನ್ನ ಒತ್ತಬೇಕಿತ್ತು. ನಾ ಮಳಖೇಡದ ಅಮೋಘವರ್ಷನ್ನ ತಗೊಂಡು 867ರಿಂದ ಆಡ್ದಾಗ ಹಿಂಗೇ ಮುಗ್ಗರಿಸಿದ್ದೆ. ಹಿಂದ ಕುಂತು ನೋಡ್ತಿದ್ದ ನಮ್ಮ ಆಯಿ ಒಂದೇ ಮಾತು ಅಂದ್ಳು: "ಮನಿ ಅಳಿಯನ್ನ ತರಬಾರದಾಗಿತ್ತೇನೋ?" ಅಷ್ಟೇ ನೋಡು, ಮ್ಯಾಟ್ರಿಲೀನಿಯಲ್ ಅಂದ್ರ ಮನಿ ಅಳಿಯ.

ಬಿದರಿ ಕುಸುರಿ (ಬೀದರ್):
ಕಾಕಾ, ದಾಯಾದಿಗಳು ಯಾರೂ ಉಳಿದಿರಲಿಲ್ಲೇನು?

ಕಲ್ಯಾಣದಾಂವ:
ರಾಜ್ಯ ಪಾಲಾಗಬಾರದಂತ ಚಿಕ್ಕಪ್ಪನ ಮಕ್ಕಳನ್ನೆಲ್ಲ ವಿಷ ಹಾಕಿಸಿ ಮುಗಿಸಿಬಿಟ್ಟಿದ್ದೆ. 🙈

ಬಿದರಿ ಕುಸುರಿ:
ಆಹಾ! ಖರೇ ಇತಿಹಾಸದಾಗ ಕಲ್ಯಾಣದ ತ್ರಾಸು ಉಲ್ಟಾ ಇತ್ತು. ಅಣ್ಣ ಎರಡನೇ ಸೋಮೇಶ್ವರನ್ನ ಇಳಿಸಿ 1076ರಾಗ ವಿಕ್ರಮಾದಿತ್ಯ ಏರಿ ಕುಂತ. ಅಲ್ಲಿ ವಾರಸುದಾರರು ಹೆಚ್ಚಾಗಿದ್ರು, ನಿಮಗ ಒಬ್ಬನೂ ಇಲ್ಲ. ದೂರದ ದಾಯಾದಿ ಒಬ್ಬನ್ನ ಬಿಟ್ಟಿದ್ರ ಮಗಳನ್ನ ಅವನಿಗೇ ಕೊಡಬಹುದಿತ್ತು, ಮಕ್ಕಳು ಹ್ಯಾಂಗಿದ್ರೂ ಚಾಲುಕ್ಯರೇ. ಸಗೋತ್ರ ಅಂತ ಜಗಳ ತೆಗ್ಯಾಕ ಆಟದಾಗ ಭಟ್ಟರಿಲ್ಲ.

ಕಾಗಿಣಾ ದಂಡಿ:
ಈಗಿನ ದಾರಿ ಹೇಳ್ತೀನಿ. ಮದುವಿಗಿಂತ ಹಿಂದಿನ ಆಟೊಸೇವ್ (ಆಟ ತಾನೇ ಉಳಿಸಿಟ್ಟ ಹಳೆ ಹಂತ) ಇದ್ರ ಅದನ್ನ ತೆಗಿ. ರಾಣಿ ಬದುಕಿದ್ದಾಗಿನದು ಅಷ್ಟೇ ಸಿಕ್ರ, ಗಂಡನಿಂದ ಬಿಡಿಸಿ, ಇಲ್ಲಾ ಅವ ಸತ್ತ ಮ್ಯಾಲ, ಮನಿ ಅಳಿಯನ್ನ ತಂದು ಎರಡನೇ ಮದುವಿ ಮಾಡು. ದೊಡ್ಡ ಮಗ ದೊಡ್ಡ ಪಟ್ಟ ತಗೊಂಡು ಹೋಗ್ತಾನ, ಆದ್ರ ರಾಜ್ಯ ಮಕ್ಕಳಿಗೆಲ್ಲ ಹಂಚೋ ಪಾಲಿನ ಪದ್ಧತಿ ಇದ್ರ ಹೊಸ ಗಂಡನ ಮಗನಿಗೂ ಒಂದಿಷ್ಟು ನೆಲ ಬರ್ತದ, ಆಟ ಅವನ ಮ್ಯಾಲ ನಡೀತದ. ನೆನಪಿಡು, ಅಲ್ಲಿ ಹೆಂಗಸರಿಗೆ 45 ದಾಟಿದ್ರ ಮಕ್ಕಳಾಗಲ್ಲ.

ಗಾದಿಗೆ ಬರೋ ರಾಜಕುಮಾರರಿಗೆ ಕೇಳಬ್ಯಾಡ, ಅವ್ರು ಮನಿ ಅಳಿಯ ಆಗಾಕ ಒಪ್ಪೋದು ಭಾಳ ಕಮ್ಮಿ. ಮೂರನೇ ನಾಲ್ಕನೇ ಮಗ, ನೆಲ ಇಲ್ಲದಾಂವ, ಅಂಥವನ್ನ ಹುಡುಕು.

ಕಲ್ಯಾಣದಾಂವ:
1131ರ ಸೇವ್ ಸಿಕ್ತು ಅಣ್ಣಾ, ಹುಡುಗಿಗೆ ಇನ್ನೂ ಮದುವಿ ಆಗಿಲ್ಲ! ರಾಜಕುಮಾರರು ಮೂವರೂ ಒಲ್ಲೆ ಅಂದ್ರು. ನಮ್ಮ ದರ್ಬಾರದಾಗೇ ಒಬ್ಬ ಕುಂಟ ಸರದಾರ ಇದ್ದ, ಹಿಂದಮುಂದ ನೋಡದೆ ಹೂಂ ಅಂದ. ಹೊಟ್ಟೀಲೆ ಅದಾಳ ಅನ್ನೋದ್ರಾಗ ಕರೆಂಟ್ ಹೋಯ್ತು.

(ಮರುದಿನ) ಎರಡೂ ಹೆಣ್ಣೇ ಆದವು.

ಕಾಗಿಣಾ ದಂಡಿ:
ಆಗಲಿ ಬಿಡು. ಅವರಿಗೂ ಮನಿ ಅಳಿಯನ್ನೇ ತಾ.