ಕಾಪು ಲೈಟ್‌ಹೌಸ್‌ನ ಎತ್ತರ ಮೈನಸ್ 5.67 ಮೀಟರ್ ಬರುತ್ತಿದೆ! ಎಲ್ಲಿ ತಪ್ಪುತ್ತಿದೆ?

ಲೆಕ್ಕದ ಹುಡುಗಿ, ಉಡುಪಿ:
ಎಲ್ಲರಿಗೂ ನಮಸ್ಕಾರ. ನಾನು ಬಿ.ಎಡ್. ಎರಡನೇ ವರ್ಷ, ಗಣಿತ. ಇಂಟರ್ನ್‌ಶಿಪ್ ಶಾಲೆಯಲ್ಲಿ ಹತ್ತನೇ ತರಗತಿಗೆ ಎತ್ತರ-ದೂರದ ಪಾಠ ನನ್ನ ಪಾಲಿಗೆ ಬಂದಿದೆ. ಪುಸ್ತಕದ ಗೋಪುರ ಬಿಟ್ಟು ನಿಜವಾದದ್ದನ್ನೇ ಅಳೆಯೋಣ ಅಂತ ಮಕ್ಕಳನ್ನು ಕಾಪು ಬೀಚಿಗೆ ಕರೆದುಕೊಂಡು ಹೋಗಿದ್ದೆವು. ಕೋನಮಾಪಕಕ್ಕೆ ಸ್ಟ್ರಾ ಅಂಟಿಸಿ, ನೂಲಿಗೆ ನಟ್ ಕಟ್ಟಿ ಕ್ಲಿನೋಮೀಟರ್ (ವಾಲಿಕೆಯ ಕೋನ ಅಳೆಯುವ ಸಾಧನ) ಮಾಡಿದ್ದು ಮಕ್ಕಳೇ.

ಮರಳಿನ ಮೇಲೆ ಒಂದು ಕಡೆ ನಿಂತು ನೋಡಿದಾಗ ತುದಿಯ ಉನ್ನತ ಕೋನ, ಅಂದರೆ ಅಡ್ಡ ಗೆರೆಯಿಂದ ಮೇಲಕ್ಕೆ ಇರುವ ಕೋನ, 38 ಡಿಗ್ರಿ. ನೇರ 20 ಮೀಟರ್ ಹಿಂದೆ ಹೋದರೆ 27 ಡಿಗ್ರಿ. ಎರಡು ಕೋನಗಳ ಟ್ಯಾನ್ (ಎತ್ತರ ಭಾಗಿಸು ಅಡ್ಡ ದೂರ) ತೆಗೆದು, 1 ಎಂಬ ಸಂಖ್ಯೆಯನ್ನು ಪ್ರತಿ ಟ್ಯಾನ್‌ನಿಂದ ಭಾಗಿಸಿ, ದೂರದ್ದರಲ್ಲಿ ಹತ್ತಿರದ್ದನ್ನು ಕಳೆದು, ಬಂದದ್ದರಿಂದ 20ನ್ನು ಭಾಗಿಸುವ ಸೂತ್ರ. ಗೂಗಲ್ ಶೀಟ್ಸ್‌ನಲ್ಲಿ ಹಾಕಿದೆ. ಉತ್ತರ ಮೈನಸ್ 5.67. ಲೈಟ್‌ಹೌಸ್ ಸಮುದ್ರದ ಒಳಗೆ ಹೋಯಿತು! ಸೂತ್ರ ಸರಿಯಾಗಿಯೇ ಉಂಟು, ಕಾಗದದಲ್ಲಿ ಮಾಡಿ ನೋಡಿದೆ. ಮುಂದಿನ ವಾರ ಇದೇ ಶೀಟನ್ನು ಪ್ರೊಜೆಕ್ಟರ್‌ನಲ್ಲಿ ತೋರಿಸಬೇಕು. ದಯವಿಟ್ಟು ಯಾರಾದರೂ ಹೇಳಿ.

ಶೀಟು ಶೆಟ್ಟಿ, ಮಣಿಪಾಲ:
ಒಂದು ಖಾಲಿ ಸೆಲ್‌ನಲ್ಲಿ 45ರ ಟ್ಯಾನ್ ಕೇಳಿ ನೋಡಿ. 1 ಬರಬೇಕಲ್ವಾ? 1.62 ಅಂತ ಬರುತ್ತದೆ. ಶೀಟಿಗೆ ಡಿಗ್ರಿ ಗೊತ್ತಿಲ್ಲ, ಅದು ಎಲ್ಲ ಕೋನವನ್ನೂ ರೇಡಿಯನ್ (ಕೋನದ ಇನ್ನೊಂದು ಅಳತೆ, 180 ಡಿಗ್ರಿ ಅಂದ್ರೆ ಪೈ ರೇಡಿಯನ್) ಅಂತಲೇ ಓದುತ್ತದೆ. ಎಕ್ಸೆಲ್, ಲಿಬ್ರೆ ಆಫೀಸ್ ಎಲ್ಲದರದ್ದೂ ಇದೇ ಕಥೆ. ಟ್ಯಾನ್ ಒಳಗೆ ಸೆಲ್‌ನ ಹೆಸರನ್ನು ನೇರ ಹಾಕಬೇಡಿ. ಮೊದಲು ರೇಡಿಯನ್ಸ್ ಎಂಬ ಫಂಕ್ಷನ್ ಒಳಗೆ ಹಾಕಿ, ಆಮೇಲೆ ಅದನ್ನು ಟ್ಯಾನ್ ಒಳಗೆ ಕೂರಿಸಿ. ಬೇಡ ಅಂದ್ರೆ ಕೋನವನ್ನು ಪೈಯಿಂದ ಗುಣಿಸಿ 180ರಿಂದ ಭಾಗಿಸಿ, ಎರಡೂ ಒಂದೇ.

ನಿಮಗೆ ಮೈನಸ್ ಬಂದದ್ದು ಪುಣ್ಯ ಮಾರಾಯ್ರೆ. ಕೆಲವು ಕೋನಗಳಿಗೆ ತಪ್ಪು ಉತ್ತರವೂ ನೋಡಲಿಕ್ಕೆ ಸರಿಯಾದ ಹಾಗೇ ಇರುತ್ತದೆ. ಆಗ ಯಾರಿಗೂ ಗೊತ್ತಾಗುವುದಿಲ್ಲ.

ಲೆಕ್ಕದ ಹುಡುಗಿ:
ಆಯ್ತು ಸರ್, ತುಂಬ ಥ್ಯಾಂಕ್ಸ್. ಈಗ 29.3 ಬಂತು. ನೋಡುವ ಹುಡುಗನ ಕಣ್ಣಿನ ಎತ್ತರ 1.4 ಸೇರಿಸಿದರೆ 30.7. ಆದರೆ ಈ ಲೈಟ್‌ಹೌಸ್ ಸುಮಾರು 27 ಮೀಟರ್ ಅಂತ ಎಲ್ಲ ಕಡೆ ಬರೆದಿದ್ದಾರೆ. ಮೂರೂವರೆ ಮೀಟರ್ ಜಾಸ್ತಿ ಎಲ್ಲಿಂದ ಬಂತು? ಇನ್ನೊಂದು, ಎರಡು ಗುಂಪಿನವರು 38ರ ಜಾಗದಲ್ಲಿ 52 ಅಂತ ಬರೆದಿದ್ದಾರೆ.

ಹಳೇ ಮೇಷ್ಟ್ರು, ಕಟಪಾಡಿ:
52ರದ್ದು ಸುಲಭ. ಸ್ಟ್ರಾ ನೇರ ಅಡ್ಡಕ್ಕೆ ಹಿಡಿದಾಗ ನೂಲು 90ರ ಮೇಲೆ ನಿಲ್ಲುತ್ತದೆ, ಆಗ ಉನ್ನತ ಕೋನ ಸೊನ್ನೆ. ಹಾಗಾಗಿ ನೂಲು ತೋರಿಸುವುದನ್ನು 90ರಿಂದ ಕಳೆಯಬೇಕು. ಕಳೆದರೆ 38. ಆ ಮಕ್ಕಳು ನೋಡಿದ್ದು ಸರಿಯೇ ಇದೆ, ಅಂಕ ಕಡಿಮೆ ಮಾಡಬೇಡಿ.

ಜಾಸ್ತಿ ಬಂದ ಎತ್ತರಕ್ಕೆ ಕಾರಣ ಬಂಡೆ. 1901ರಲ್ಲಿ ಕಟ್ಟಿದ ಆ ಲೈಟ್‌ಹೌಸ್ ನಿಂತಿರುವುದು ಮರಳಿನ ಮೇಲೆ ಅಲ್ಲ, ಕಡಲ ಬದಿಯ ಬಂಡೆಯ ಮೇಲೆ. ನೀವು ಕೆಳಗೆ ಮರಳಿನಲ್ಲಿ ನಿಂತು ಅಳೆದಿರಿ. 30.7ರಲ್ಲಿ ಬಂಡೆಯ ಎತ್ತರವೂ ಸೇರಿದೆ. ಪಠ್ಯಪುಸ್ತಕದ ಚಿತ್ರದಲ್ಲಿ ಗೋಪುರದ ಬುಡ ಯಾವಾಗಲೂ ನಾವು ನಿಂತ ನೆಲದಲ್ಲೇ ಇರುತ್ತದೆ, ನಮ್ಮ ಕರಾವಳಿಯ ನೆಲ ಹಾಗಿಲ್ಲವಲ್ಲ. ಹತ್ತಿರದ ಜಾಗದಿಂದ ಲೈಟ್‌ಹೌಸಿನ ಬುಡಕ್ಕೂ ಕೋನ ತೆಗೆದಿದ್ದೀರಾ? ಇದ್ದರೆ ಕಣ್ಣಿನ ಎತ್ತರ ಸೇರಿಸುವ ಗೋಜೇ ಇಲ್ಲ. ಕಣ್ಣಿನ ಮಟ್ಟದಿಂದ ತುದಿಯ ಎತ್ತರದಲ್ಲಿ ಬುಡದ ಎತ್ತರ ಕಳೆದರೆ ಮುಗಿಯಿತು.

ಲೆಕ್ಕದ ಹುಡುಗಿ:
ಒಬ್ಬಳು ಹುಡುಗಿ ಯಾರೂ ಹೇಳದೆ ಅದನ್ನೂ ಬರೆದುಕೊಂಡಿದ್ದಾಳೆ ಸರ್! 4 ಡಿಗ್ರಿ. ಹತ್ತಿರದ ಜಾಗದಿಂದ ಅಡ್ಡ ದೂರ 37.5 ಮೀಟರ್ ಬರುತ್ತದೆ. ಬುಡ ಕಣ್ಣಿನ ಮಟ್ಟಕ್ಕಿಂತ 2.6 ಮೀಟರ್ ಮೇಲೆ. 29.3ರಲ್ಲಿ 2.6 ಕಳೆದರೆ 26.7. ಸಮಸ್ಯೆ ಪರಿಹಾರವಾಯಿತು ಅಂತ ಗುರುತು ಹಾಕಲಾ?

ಶೀಟು ಶೆಟ್ಟಿ:
ಸ್ವಲ್ಪ ತಡೆಯಿರಿ. 26.7 ಬಂದದ್ದರಲ್ಲಿ ಅದೃಷ್ಟದ ಪಾಲು ದೊಡ್ಡದು. ಶೀಟಿನಲ್ಲಿ 38ರ ಬದಲು 37 ಹಾಕಿ, 29.3 ಇದ್ದದ್ದು 31.5ಕ್ಕೆ ಹೋಗುತ್ತದೆ. 38 ಹಾಗೇ ಇಟ್ಟು 27ನ್ನು 26 ಮಾಡಿ, 26ಕ್ಕೆ ಇಳಿಯುತ್ತದೆ. ಒಂದೇ ಡಿಗ್ರಿಗೆ ಮೂರು ಮೀಟರ್ ಮಾಯ! ಕಡಲ ಗಾಳಿಗೆ ನೂಲು ಒಂದು ಡಿಗ್ರಿ ಆಡದೇ ಇರುತ್ತದಾ?

ಹಾಗಾಗಿ ಒಂದು ಗುಂಪಿನ ಲೆಕ್ಕ ನಂಬಬೇಡಿ. ಎಲ್ಲ ಗುಂಪಿನ ಕೋನಗಳ ಸರಾಸರಿ ತೆಗೆಯಿರಿ. ಫೋನ್ ಇದ್ದರೆ ಫೈಫಾಕ್ಸ್ ಆ್ಯಪ್‌ನಲ್ಲಿ ವಾಲಿಕೆ ಅಳೆಯುವ ಸೌಲಭ್ಯ ಉಂಟು, ಅದನ್ನೂ ಒಮ್ಮೆ ಹೋಲಿಸಿ ನೋಡಿ. ನಾನಾಗಿದ್ದರೆ ತರಗತಿಯಲ್ಲಿ ಶೀಟ್ ತೋರಿಸುವುದೇ ಇಲ್ಲ. ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶದಲ್ಲಿ ಎರಡು ಕೋನಕ್ಕೆ ಎರಡು ಸ್ಲೈಡರ್ (ಎಳೆದು ಬೆಲೆ ಬದಲಿಸುವ ಗುಂಡಿ) ಮಾಡಿ, ಅರ್ಧ ಡಿಗ್ರಿಯ ಹೆಜ್ಜೆ ಕೊಟ್ಟು, ಮಕ್ಕಳ ಕೈಗೆ ಮೌಸ್ ಕೊಡುತ್ತೇನೆ. ಸ್ಲೈಡರ್ ಎಳೆದ ಹಾಗೆ ಎತ್ತರ ಹೇಗೆ ಜಿಗಿಯುತ್ತದೆ ಅಂತ ಅವರೇ ನೋಡಲಿ. ಅಲ್ಲೂ ಡಿಗ್ರಿ ಚಿಹ್ನೆ ಹಾಕದಿದ್ದರೆ ರೇಡಿಯನ್ ಅಂತಲೇ ಓದುತ್ತದೆ, ನೆನಪಿರಲಿ. ಆಲ್ಟ್ ಕೀ ಹಿಡಿದು ಓ ಒತ್ತಿದರೆ ಚಿಹ್ನೆ ಬರುತ್ತದೆ.

ಪಡುಬಿದ್ರಿ ಬೈಕರ್:
ಇಷ್ಟೆಲ್ಲ ಯಾಕೆ? ಒಂದು ಕೋಲಿನ ನೆರಳು, ಲೈಟ್‌ಹೌಸಿನ ನೆರಳು, ಸಮರೂಪ ತ್ರಿಭುಜ. ಮುಗಿಯಿತು. ಇಲ್ಲದಿದ್ದರೆ ಶಾಲೆ ಹಿಂದಿನ ತೆಂಗಿನ ಮರ ಅಳೆಯಿರಿ.

ಹಳೇ ಮೇಷ್ಟ್ರು:
ನೆರಳಿನದ್ದು ಒಳ್ಳೆಯದೇ, ಆದರೆ ನೆರಳು ಸಮತಟ್ಟು ನೆಲದಲ್ಲಿ ಬೀಳಬೇಕು. ಬಂಡೆಯ ಮೇಲೂ ಮರಳಿನ ಮೇಲೂ ಮುರಿದು ಬಿದ್ದ ನೆರಳನ್ನು ಟೇಪಿನಲ್ಲಿ ಹೇಗೆ ಅಳೆಯುತ್ತೀರಿ? ಏಪ್ರಿಲ್ ಕೊನೆಯಲ್ಲಂತೂ ನಡು ಹಗಲು ಸೂರ್ಯ ಇಲ್ಲಿ ನೆತ್ತಿಯ ಮೇಲೇ ಇರುತ್ತಾನೆ, ನೆರಳೇ ಸಿಗುವುದಿಲ್ಲ. ತೆಂಗಿನ ಮರ ಬೇಡವೇ ಬೇಡ. ನಮ್ಮ ಕಡೆಯ ಮರಗಳೆಲ್ಲ ಬಾಗಿದವು, ಬುಡದಿಂದ ದೂರ ಅಳೆದರೆ ಲೆಕ್ಕ ಕೆಟ್ಟಿತು. ತುದಿಯ ನೇರ ಕೆಳಗಿನ ಜಾಗದಿಂದ ಅಳೆಯಬೇಕು.

ಮಳೆಗಾಲಕ್ಕೆ ಶಾಲೆಯ ಧ್ವಜಸ್ತಂಭ ಸಾಕು. ಬುಡದವರೆಗೂ ಟೇಪ್ ಹೋಗುತ್ತದೆ, ಹಾಗಾಗಿ ಒಂದೇ ಕೋನ ಸಾಕು. ಕೋನ 45ರ ಹತ್ತಿರ ಬರುವ ಹಾಗೆ ನಿಲ್ಲಿಸಿ, ಅಲ್ಲಿ ಒಂದು ಡಿಗ್ರಿಯ ತಪ್ಪಿಗೆ ಎತ್ತರ ನೂರಕ್ಕೆ ಮೂರೂವರೆಯಷ್ಟು ಮಾತ್ರ ತಪ್ಪುತ್ತದೆ. ದೂರ ಹೋಗಿ 15 ಡಿಗ್ರಿಯಲ್ಲಿ ನೋಡಿದರೆ ಅದು ನೂರಕ್ಕೆ ಏಳಾಗುತ್ತದೆ.

ಲೆಕ್ಕದ ಹುಡುಗಿ:
ಧ್ವಜಸ್ತಂಭ ಮೊದಲು, ಲೈಟ್‌ಹೌಸ್ ಆಮೇಲೆ ಅಂತ ಪಾಠಯೋಜನೆ ಬದಲಾಯಿಸುತ್ತೇನೆ. ಕೊನೆಯದೊಂದು ಕೇಳಲಿಕ್ಕುಂಟು. ಶಾಲೆಯ ಲ್ಯಾಬ್‌ನಲ್ಲಿ ನೆಟ್ ಇಲ್ಲ, ಕಂಪ್ಯೂಟರ್‌ಗಳೂ ಹಳೆಯವು. ಮತ್ತೆ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಕನ್ನಡ ಹೆಸರುಗಳು ಜಿಯೋಜೀಬ್ರಾದಲ್ಲಿ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತವೆ.

ಶೀಟು ಶೆಟ್ಟಿ:
ಜಿಯೋಜೀಬ್ರಾ ಕ್ಲಾಸಿಕ್ 5 ಅನ್ನು ಮನೆಯಲ್ಲಿ ಇಳಿಸಿ ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ, ನೆಟ್ ಇಲ್ಲದೆ ನಡೆಯುತ್ತದೆ. ಅಕ್ಷರದ್ದು ಹಳೆಯ ಫಾಂಟಿನ ತೊಂದರೆ. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಮಾಡಿ ಮತ್ತೊಮ್ಮೆ ಟೈಪ್ ಮಾಡಿ. ಫೈಲ್ ಆದಮೇಲೆ ಇಲ್ಲೂ ಹಾಕಿ, ನನ್ನ ಅಣ್ಣನ ಮಗನೂ ಈ ವರ್ಷ ಹತ್ತನೇ ತರಗತಿ.